ಬಾಗಿಲಿಗೆ ಬಂದ ಕಾರ್ತಿಕ

ತರು ಪಿಶಿಯ ಬಾಯಿಗೆ ಹೆದರದವರು ನಮ್ಮ ಕಾಟೋವಾ ಪೇಟೆಯಲ್ಲಿ ಯಾರಾದರೂ ಇದ್ದರೆ ಅವರು ಕಿವುಡರೇ ಆಗಿರಬೇಕು. ಬೆಳಗ್ಗೆ ಅಂಗಡಿಯ ಒಲೆ ಹೊತ್ತಿಕೊಳ್ಳುವ ಮೊದಲೇ ಅವಳ ಬಾಯಿ ಹೊತ್ತಿಕೊಳ್ಳುತ್ತಿತ್ತು. "ಏನಪ್ಪಾ, ಇವತ್ತು ಹಾಲು ಕೊಟ್ಟಿದ್ದು ನಿನ್ನ ಹಸುವೋ, ನಮ್ಮ ಭಾಗೀರಥಿ ಹೊಳೆಯೋ?" ಎಂದು ಹಾಲಿನವನ ಮಾನ ಕಳೆದ ಮೇಲೆಯೇ ನಮ್ಮ ಓಣಿಗೆ ಬೆಳಕು ಹರಿಯುತ್ತಿದ್ದದ್ದು. ನಾನು ಮದುವೆಯಾಗಿ ಬಂದ ಮರುದಿನ ಆ ದನಿಗೆ ಬೆಚ್ಚಿ ಎದ್ದು, ಪಕ್ಕದ ಮನೆಯಲ್ಲಿ ಹೊಡೆದಾಟವೆಂದು ಗಂಡನನ್ನು ಅಲುಗಾಡಿಸಿ ಎಬ್ಬಿಸಿದೆ. "ಹೊಡೆದಾಟ ಅಲ್ಲ ಕಣೇ, ತರು ಪಿಶಿ. ಮಲ್ಕೋ," ಎಂದು ಅವರು ಮಗ್ಗುಲು ಬದಲಿಸಿದರು.

ಹೆಸರು ತರುಬಾಲಾ ಮೋದಕ. ಪಿಶಿ ಎಂದರೆ ಸೋದರತ್ತೆ. ಯಾರ ಸೋದರತ್ತೆ ಎಂದು ಕೇಳಬೇಡಿ, ಇಡೀ ಓಣಿಗೆ ಅವಳೇ. ಕೋಲೂರುವ ಅಜ್ಜಂದಿರೂ ಪಿಶಿ ಎನ್ನುತ್ತಿದ್ದರು, ಅವರ ಮೊಮ್ಮಕ್ಕಳೂ ಪಿಶಿ ಎನ್ನುತ್ತಿದ್ದರು. ವಯಸ್ಸು ಐವತ್ತು ದಾಟಿತ್ತು, ಮದುವೆಯಾಗಿರಲಿಲ್ಲ. ತಾಯಿ ತಮ್ಮನನ್ನು ಹೆತ್ತು ಕಣ್ಣು ಮುಚ್ಚಿದಳು, ಅದರ ಬೆನ್ನಿಗೇ ಅಪ್ಪ ಹೋದ. ಅಪ್ಪನ ಮಿಠಾಯಿ ಅಂಗಡಿಯ ಬಾಣಲೆಯನ್ನು ಒಲೆಯಿಂದ ಇಳಿಸದೆ, ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಈ ಹುಡುಗಿ ಜಿಲೇಬಿ ಬಿಟ್ಟಳು. ಆ ಕೂಸು ಬೆಳೆದು, ಓದಿ, ಆಸನ್‌ಸೋಲ್‌ನಲ್ಲಿ ರೈಲ್ವೆ ಕೆಲಸ ಹಿಡಿದು ಅಲ್ಲೇ ಮನೆ ಮಾಡಿಕೊಂಡಿತು. ದುರ್ಗಾಪೂಜೆಗೊಮ್ಮೆ ಬಂದು "ದೀದಿ" ಎಂದು ಕಾಲು ಮುಟ್ಟಿ, ಡಬ್ಬಿ ತುಂಬ ಸಂದೇಶ ಮಿಠಾಯಿ ಕಟ್ಟಿಸಿಕೊಂಡು ಹೋಗುತ್ತಿತ್ತು. "ಯಾಕೆ ಪಿಶಿ ಮದುವೆ ಮಾಡ್ಕೊಳ್ಳಲಿಲ್ಲ?" ಎಂದು ನಾನೊಮ್ಮೆ ಕೇಳಿದೆ.

"ಹೊತ್ತೆಲ್ಲಿತ್ತು ಬೌಮಾ? ಗಂಡು ನೋಡೋಣ ಅಂತ ಎದ್ರೆ ಒಲೆ ಮೇಲೆ ಹಾಲು ಉಕ್ಕಿಬಿಡ್ತಿತ್ತು."

ಬೌಮಾ ಎಂದರೆ ಸೊಸೆ. ನನ್ನ ಅತ್ತೆಯೂ ನನ್ನನ್ನು ಹಾಗೆಯೇ ಕರೆಯುತ್ತಿದ್ದರು, ಪಿಶಿಯೂ ಹಾಗೆಯೇ. ಅತ್ತೆಯನ್ನು ಪಿಶಿ ಬೌದಿ ಎನ್ನುತ್ತಿದ್ದಳು, ಅಂದರೆ ಅತ್ತಿಗೆ. ಎರಡು ಮನೆಗೂ ಒಂದೇ ಜಗಲಿ, ಮಾರು ಅಂತರದಲ್ಲಿ ಎರಡು ಬಾಗಿಲು. ಬಲಗಡೆಯದು ಪಿಶಿಯದು, ಎಡಗಡೆಯದು ನಮ್ಮದು. ಅತ್ತೆ ಸೌದಾಮಿನಿಯವರಿಗೂ ಪಿಶಿಗೂ ಮಾತು ಆ ಜಗಲಿಯ ಮೇಲೇ ಹುಟ್ಟಿ ಅಲ್ಲೇ ಜಗಳವಾಗಿ, ಮಧ್ಯಾಹ್ನದ ಹೊತ್ತಿಗೆ ಅಲ್ಲೇ ಎಲೆಯಡಿಕೆಯಾಗುತ್ತಿತ್ತು. ಒಬ್ಬರಿಲ್ಲದಿದ್ದರೆ ಇನ್ನೊಬ್ಬರಿಗೆ ಅನ್ನ ಅರಗುತ್ತಿರಲಿಲ್ಲ. ಬಾಯಿಬಿಟ್ಟು ಹೇಳುವ ಜಾಯಮಾನ ಇಬ್ಬರದ್ದೂ ಅಲ್ಲ.

ನನಗೆ ಮದುವೆಯಾಗಿ ಐದು ವರ್ಷವಾದರೂ ಮಕ್ಕಳಾಗಿರಲಿಲ್ಲ. ಅತ್ತೆ ಕೆಟ್ಟವರಲ್ಲ, ಆದರೆ ಹೊಕ್ಕಳುಬಳ್ಳಿಯಷ್ಟು ಉದ್ದದ ನಿಟ್ಟುಸಿರು ಬಿಡುತ್ತಿದ್ದರು. ಆ ವರ್ಷ ನನಗೆ ಹೇಳದೆ ಒಂದು ಹಂಚಿಕೆ ಹಾಕಿದರು.

ನಮ್ಮ ಕಡೆ ಕಾರ್ತಿಕ ಸಂಕ್ರಾಂತಿಯ, ಅಂದರೆ ಕಾರ್ತಿಕ ತಿಂಗಳ ಕಡೇ ದಿನದ, ಹಿಂದಿನ ರಾತ್ರಿ ಮಕ್ಕಳಿಲ್ಲದವರ ಬಾಗಿಲಲ್ಲಿ ಗೆಳೆಯರು ಗುಟ್ಟಾಗಿ ಶಿವನ ಮಗ ಕಾರ್ತಿಕನ ಮೂರ್ತಿ ಇಟ್ಟು ಓಡಿಬಿಡುತ್ತಾರೆ. ನಮ್ಮವರ ಪಾಲಿಗೆ ಅವನು ಮದುವೆಯಾಗದ ದೇವರು. ಬೇರೆ ಊರುಗಳಲ್ಲಿ ಮೀಸೆಯ ಸೇನಾಪತಿ. ಕಾಟೋವಾದಲ್ಲಿ ಉಡಿದಾರವೂ ಇಲ್ಲದ ಬತ್ತಲೆ ಕೂಸು. ಬಾಗಿಲಿಗೆ ಬಂದವನನ್ನು ಬೇಡವೆನ್ನುವಂತಿಲ್ಲ. ಮನೆಯಾಕೆ ದೀಪ, ಗರಿಕೆ, ಭತ್ತದ ತಟ್ಟೆ ಹಿಡಿದು ಆರತಿ ಎತ್ತಿ ಒಳಗೆ ಕರೆದುಕೊಂಡು ಪೂಜೆ ಮಾಡಬೇಕು. ಸಂಜೆಗೆ, ಇಟ್ಟುಹೋದ ಪುಂಡರೇ ಬಂದು ಬಾಗಿಲಲ್ಲಿ ನಿಂತು, ಕಾರ್ತಿಕನ ಪರವಾಗಿ "ಮಾ, ಹಸಿವಾಗ್ತಿದೆ" ಎಂದು ಕೂಗುತ್ತಾರೆ. ಆಕೆ "ಬಂದೆ ಮಗನೇ" ಎಂದು ಓಗೊಟ್ಟು ಹೊಟ್ಟೆ ಬಿರಿಯುವಂತೆ ಬಡಿಸಬೇಕು. ಅಮ್ಮಾ ಎಂದು ಕರೆಸಿಕೊಂಡ ಮಡಿಲು ಬರಿದಾಗಿ ಉಳಿಯುವುದಿಲ್ಲ ಎಂಬುದು ನಂಬಿಕೆ.

ಅತ್ತೆ ಓಣಿಯ ಯುವಕ ಸಂಘದ ಹುಡುಗರ ಮುಖಂಡ ಬಿಲ್ಟುವನ್ನು ಕರೆದು, "ಜಗಲಿ ಹತ್ತಿದ್ರೆ, ಹೊಸಿಲಲ್ಲಿ ಅಕ್ಕಿಹಿಟ್ಟಿನ ರಂಗೋಲಿ ಕಾಣುತ್ತಲ್ಲ, ಅದೇ ಬಾಗಿಲು. ಕತ್ತಲಲ್ಲಿ ಎಡವಟ್ಟು ಮಾಡ್ಬೇಡ," ಎಂದಿದ್ದರಂತೆ. ತಾವೇ ಸಂಜೆ ಕೂತು ನಮ್ಮ ಹೊಸಿಲಿಗೆ ಬಳ್ಳಿ ಬಳ್ಳಿಯಾಗಿ ರಂಗೋಲಿ ಬರೆದರು. ನನಗೆ ಆಗಲೇ ಅನುಮಾನ ಬಂದಿತ್ತು, ಮಂಡಿ ನೋವಿನ ಹೆಂಗಸು ಸುಮ್ಮನೆ ಅಷ್ಟು ಹೊತ್ತು ಕುಕ್ಕರುಗಾಲಲ್ಲಿ ಕೂರುವುದಿಲ್ಲ. ಅವರು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ತಮ್ಮದೇ ಮೇಕೆ ಬುಡಿಯನ್ನು. ಅಕ್ಕಿಹಿಟ್ಟೆಂದರೆ ಆ ಮುದಿ ಮೇಕೆಗೆ ಪ್ರಾಣ. ಹಗ್ಗ ಕಿತ್ತುಕೊಂಡು ಬಂದು, ಬಳ್ಳಿಯ ಒಂದು ಎಲೆಯನ್ನೂ ಬಿಡದೆ ನೆಕ್ಕಿ, ಹೊಸಿಲನ್ನು ತೊಳೆದಿಟ್ಟ ಹಾಗೆ ಮಾಡಿ ಹೋಗಿ ಮಲಗಿತು. ಪಕ್ಕದಲ್ಲಿ ಪಿಶಿಯ ಹೊಸಿಲ ಮೇಲೆ ಗುರುವಾರದ ಪೂಜೆಗೆ ಅಕ್ಕಿಹಿಟ್ಟಲ್ಲಿ ಬರೆದ ಲಕ್ಷ್ಮಿಯ ಪುಟ್ಟ ಹೆಜ್ಜೆಗಳು ಹಾಗೇ ಇದ್ದವು. ಅಷ್ಟು ತಿಂದ ಮೇಲೆ ಅದಕ್ಕೆ ಹೊಟ್ಟೆ ತುಂಬಿರಬೇಕು.

ಬೆಳಗ್ಗೆ ಹಾಲಿನವನ ಮಾನ ಹೋಗುವ ಸದ್ದು ಕೇಳಿಸಲಿಲ್ಲ. ಅದರ ಬದಲು ಒಂದು ಚೀರುದನಿ ಕೇಳಿಸಿತು. "ಅಯ್ಯೋ ನನ್ನಪ್ಪನೇ! ಚಳೀಲಿ ಬತ್ತಲೆ ಕೂತಿದ್ದೀಯಲ್ಲೋ!"

ನಾನೂ ಅತ್ತೆಯೂ ಒಟ್ಟಿಗೆ ಬಾಗಿಲಿಗೆ ಹಾರಿದೆವು. ಪಿಶಿ ನೆಲದ ಮೇಲೆ ಕೂತು, ತೊಡೆಯ ಮೇಲೆ ಒಂದು ಮಣ್ಣಿನ ಕೂಸನ್ನಿಟ್ಟುಕೊಂಡು, ತನ್ನ ಸೆರಗನ್ನು ಅದಕ್ಕೆ ಹೊದಿಸುತ್ತಿದ್ದಳು. ಕೋಳಿಯಷ್ಟು ದೊಡ್ಡ ಮಣ್ಣಿನ ನವಿಲೊಂದು ಪಕ್ಕದಲ್ಲಿ ಕತ್ತು ಓರೆ ಮಾಡಿ ನಿಂತಿತ್ತು. ಪಿಶಿಯ ಆ ಮುಖವನ್ನು ನಾನು ಅದುವರೆಗೆ ನೋಡಿರಲಿಲ್ಲ. ಬೈಯುವ ಬಾಯಿ ನಗುವುದಕ್ಕೆ ಹೋಗಿ, ಅಭ್ಯಾಸ ತಪ್ಪಿ, ಎಲ್ಲೆಲ್ಲೋ ಸೊಟ್ಟಗಾಗಿತ್ತು.

"ಅದು ನಮ್ಮನೇದು ತರು," ಎಂದರು ಅತ್ತೆ, ಉಸಿರು ಕಟ್ಟಿ. "ಹುಡುಗರು ಬಾಗಿಲು ತಪ್ಪಿದ್ದಾರೆ. ಕೊಡಿಲ್ಲಿ."

"ಬಾಗಿಲು ತಪ್ಪೋಕೆ ಇವನೇನು ಅಂಚೆಯವನಾ ಬೌದಿ? ದೇವರು. ಯಾವ ಬಾಗಿಲು ಅಂತ ಅವನಿಗೆ ಗೊತ್ತಿಲ್ವಾ?"

"ನೀನು ಮದುವೆ ಆಗದೋಳು!"

"ಇವನೇನು ಮದುವೆ ಆಗಿದ್ದಾನಾ? ನಮ್ಮಿಬ್ಬರಿಗೂ ಸರಿಹೋಯ್ತು."

ಅಷ್ಟರಲ್ಲಿ ಓಣಿ ಸೇರಿತು. ಬಿಲ್ಟುವನ್ನು ಹಾಸಿಗೆಯಿಂದಲೇ ಎಳೆದು ತಂದರು. ಅವನು ಎರಡು ಬಾಗಿಲನ್ನೂ ನೋಡಿದ, ನೆಕ್ಕಿದ ಹೊಸಿಲನ್ನು ನೋಡಿದ, ಮೇಕೆಯನ್ನು ನೋಡಿದ. "ದೊಡ್ಡಮ್ಮಾ, ನೀವು ಹೇಳಿದ್ದು ರಂಗೋಲಿ ಇರೋ ಬಾಗಿಲು. ನಾನು ಇಟ್ಟಿದ್ದೂ ರಂಗೋಲಿ ಇರೋ ಬಾಗಿಲಿಗೇ. ಮಿಕ್ಕಿದ್ದು ನೀವು ನಿಮ್ಮ ಮೇಕೆ ಹತ್ರ ಮಾತಾಡ್ಕೊಳ್ಳಿ," ಎಂದ. ಜನ ಬಿದ್ದು ಬಿದ್ದು ನಕ್ಕರು. ಬುಡಿ ಮೆಲುಕು ಹಾಕುತ್ತಾ ನಿಂತಿತ್ತು, ಲಜ್ಜೆಗೆಟ್ಟದ್ದು.

ನಗು ಮುಗಿದ ಮೇಲೆ ನ್ಯಾಯ ಶುರುವಾಯಿತು. ಈ ಕೂಸು ಯಾರದು? ನಮ್ಮ ಓಣಿಯವರಿಗೆ ಇಂಥದ್ದೊಂದು ಸಿಕ್ಕರೆ ಕೆಲಸ ಬೊಗಸೆ ನೆನಪಿರುವುದಿಲ್ಲ. ಪುರೋಹಿತ ಭಟ್ಟಾಚಾರ್ಜಿಗಳು, "ಸಂಕಲ್ಪ ದಂಪತಿಗಳ ಹೆಸರಲ್ಲಿ ಆಗೋದು ವಾಡಿಕೆ," ಎಂದು ಗಡ್ಡ ಕೆರೆದುಕೊಂಡರು. ಕ್ಷೌರದ ನಿತಾಯಿ ಸುಮ್ಮನಿರಬೇಕಲ್ಲ. "ವಾಡಿಕೆ ಮಾತಾಡ್ಬೇಡಿ ಠಾಕೂರ್ ಮಶಾಯ್. ಈ ಊರಲ್ಲಿ ಬತ್ತಲೆ ಕಾರ್ತಿಕನ್ನ ಮೊದಲು ಕೂರಿಸಿದವರು ಹೊಳೆದಂಡೆ ಕಡೆ ಕುಣಿದು ಹೊಟ್ಟೆ ಹೊರೀತಿದ್ದ ಹೆಂಗಸರು ಅಂತ ನಮ್ಮಜ್ಜ ಹೇಳ್ತಿದ್ದ. ಅವರಿಗೆ ಯಾವ ಗಂಡ ಇದ್ದ?"

"ಕಾರ್ತಿಕನ ಅಪ್ಪ ಶಿವ, ಅಮ್ಮ ಪಾರ್ವತಿ. ಇದರಲ್ಲಿ ಚರ್ಚೆ ಏನು?" ಎಂದರು ನನ್ನ ಗಂಡ, ತಮ್ಮ ಪಾಲಿನ ಮಾತನ್ನು ಮೆಲ್ಲಗೆ ಆಡಿ.

"ಪಾರ್ವತಿ ಹೆತ್ತಳಾ? ಶಿವನ ತೇಜಸ್ಸನ್ನ ಮೊದಲು ಹೊತ್ತವನು ಅಗ್ನಿ," ಎಂದ ಹಾಲಿನವನು.

"ಅವನು ಎಲ್ಲಿ ಹೊತ್ತ? ಮೈ ಸುಟ್ಕೊಂಡು ಗಂಗೆಗೆ ಎಸೆದ. ಹೊತ್ತೋಳು ನಮ್ಮ ಗಂಗೆ."

"ಅವಳೂ ತಾಳ್ಲಾರದೆ ಜೊಂಡಿನ ಪೊದೆಗೆ ಬಿಟ್ಟಳಲ್ಲ! ಹಾಗಾದ್ರೆ ಜೊಂಡೇ ಅಮ್ಮ."

"ಅಲ್ಲಿಗೆ ಬಂದು ಹಾಲೂಡಿದ ಆರು ಕೃತ್ತಿಕೆಯರು ಏನು ನಿಮ್ಮ ನೆಂಟರ ಮನೆಯವರಾ?"

ಪಿಶಿ ಇದಾವುದನ್ನೂ ಕೇಳುತ್ತಿರಲಿಲ್ಲ. ಕೂಸಿನ ಮೂಗನ್ನು ಬೆರಳಲ್ಲಿ ಸವರಿ, "ನಮ್ಮಪ್ಪಂದೇ ಮೂಗು," ಎಂದಳು. ಆ ಮೂರ್ತಿಯೋ, ಸಂಘದ ಹುಡುಗರು ಅಗ್ಗಕ್ಕೆ ತಂದದ್ದು. ಒಂದು ಕಣ್ಣು ಮೇಲೆ, ಒಂದು ಕೆಳಗೆ. ಮೂಗು ಗೆಣಸು.

"ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ. ಇವಳಿಗೆ ಹೆರದೇನೇ ಮುದ್ದು," ಎಂದು ಅತ್ತೆ ಮೂಗು ಮುರಿದರು. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಕೋಪದ ಭರದಲ್ಲಿ ಇನ್ನೊಂದು ಮಾತು ಬಂದುಬಿಟ್ಟಿತು. "ಕೃತ್ತಿಕೆಯರಂತೆ, ಕೃತ್ತಿಕೆಯರು! ಕೊನೆಗೆ ಪಾರ್ವತಿ ಬಂದು ಕೈ ಚಾಚಿದಾಗ ಆ ಆರು ಜನ ಏನ್ ಮಾಡಿದ್ರು ತರು? ಬಿಟ್ಟುಕೊಡ್ಲಿಲ್ವಾ? ಸಾಕಿದೋರು ಸಾಕಿದೋರೇ."

ಆ ಮಾತು ಎಲ್ಲಿ ನಾಟಿತೆಂದು ಎಲ್ಲರಿಗೂ ಗೊತ್ತಿತ್ತು. ಆಸನ್‌ಸೋಲ್‌ನ ತಮ್ಮ ತನ್ನ ಮದುವೆಯಲ್ಲಿ, ತಾಯಿ ನಿಲ್ಲಬೇಕಾದ ಜಾಗದಲ್ಲಿ ಹೆಂಡತಿಯ ಕಡೆಯ ಯಾವುದೋ ದೊಡ್ಡಮ್ಮನನ್ನು ನಿಲ್ಲಿಸಿದ್ದ. ಮದುವೆಯಾಗದವಳು ಅಲ್ಲಿ ನಿಲ್ಲಬಾರದೆಂದು ಯಾರೋ ಹೇಳಿದ್ದರಂತೆ. ಪಿಶಿ ಅಂದು ಛತ್ರದ ಹಿಂದೆ ಕೂತು ಐನೂರು ಜನಕ್ಕೆ ರಸಗುಲ್ಲ ಮಾಡಿದಳು. ಈಗ ಕಾರ್ತಿಕನ ಮೈಮೇಲಿನ ಸೆರಗನ್ನು ಬಿಡಿಸಿಕೊಂಡು, ಅವನನ್ನು ಜಗಲಿಯ ನಡುವೆ ಮೆಲ್ಲಗೆ ಇಳಿಸಿ, "ಕರ್ಕೊಂಡು ಹೋಗು ಬೌದಿ. ಚಳಿ ಇದೆ, ಬೇಗ," ಎಂದು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅವಳ ಅಂಗಡಿಯ ಒಲೆಗೆ ಆ ಬೆಳಗ್ಗೆ ಯಾರೂ ಬೆಂಕಿ ಹಾಕಲಿಲ್ಲ. ಕಚೋರಿಗೆಂದು ಬಟ್ಟಲು ಹಿಡಿದು ಬಂದವರು ಬಟ್ಟಲು ಹಿಡಿದೇ ಜಗಲಿಯ ಮುಂದೆ ನಿಂತರು.

ಗೆದ್ದ ಅತ್ತೆಯ ಮುಖ ನೋಡಬೇಕಿತ್ತು, ಬೇವು ಅಗಿದವರ ಹಾಗೆ ಇತ್ತು. ನನ್ನ ಕೈಗೆ ಆರತಿ ತಟ್ಟೆ ಕೊಟ್ಟು, "ಹೂಂ, ಎತ್ತು ಬೌಮಾ, ಒಳಗೆ ತಾ," ಎಂದರು.

ನಾನು ತಟ್ಟೆ ಹಿಡಿದು ಕಾರ್ತಿಕನ ಮುಂದೆ ಕೂತೆ. ನನಗೆ ಅವನು ಬೇಕಾಗಿತ್ತು, ಸುಳ್ಳು ಯಾಕೆ ಹೇಳಲಿ? ಐದು ವರ್ಷದಿಂದ ಬೇಕಾಗಿತ್ತು. ಎದುರು ಮನೆಯ ತೊಟ್ಟಿಲ ಹಾಡು ಕೇಳಿದರೆ ಕಿಟಕಿ ಮುಚ್ಚುತ್ತಿದ್ದೆ. ಆದರೆ ಆ ಸೊಟ್ಟ ಕಣ್ಣುಗಳಲ್ಲಿ ಒಂದು ನನ್ನನ್ನು ನೋಡುತ್ತಿತ್ತು, ಇನ್ನೊಂದು ಪಿಶಿಯ ಬಾಗಿಲನ್ನು. ನನ್ನ ಕೈ ಏಳಲಿಲ್ಲ.

"ಅಮ್ಮಾ," ಎಂದೆ ಅತ್ತೆಗೆ. "ಪ್ರತಿ ವರ್ಷ ಸಂಕ್ರಾಂತಿಗೆ ನೀವೇ ಕಥೆ ಹೇಳ್ತೀರಲ್ಲ. ಅವನಿಗೆ ಆರು ಮುಖ ಬಂದಿದ್ದು ಯಾಕೆ?"

"ಈಗ ಕಥೆ ಕೇಳೋ ಹೊತ್ತಾ ಇದು?"

"ಹೇಳಿ ಅಮ್ಮಾ."

"ಆರು ಜನಾನೂ ನನಗೆ ಕೊಡು, ನನಗೆ ಕೊಡು ಅಂದ್ರು. ಒಬ್ಬಳ ಹಾಲು ಕುಡಿದ್ರೆ ಐದು ಜನ ಅಳ್ತಾರಲ್ಲ ಅಂತ ಆರು ಮುಖ ಮಾಡ್ಕೊಂಡ. ಯಾವ ತಾಯಿಯ..." ಅತ್ತೆ ಅಲ್ಲಿಗೇ ನಿಂತರು. ಪ್ರತಿ ವರ್ಷ ಆ ಕಥೆ ಮುಗಿಯುತ್ತಿದ್ದ ಮಾತು ನನಗೂ ಬಾಯಿಪಾಠವಾಗಿತ್ತು. ಯಾವ ತಾಯಿಯ ಮಡಿಲನ್ನೂ ಅವನು ಬರಿದಾಗಿ ಕಳಿಸಲಿಲ್ಲ.

"ಮಣ್ಣಿನ ಕೂಸಿಗೆ ಇರೋದು ಒಂದೇ ಮುಖ," ಎಂದೆ. "ಇನ್ನೊಂದು ನಾವೇ ಮಾಡ್ಕೊಬೇಕು."

ಅತ್ತೆ ನನ್ನನ್ನು ದುರುಗುಟ್ಟಿ ನೋಡಿದರು. "ನಾನು ಹೇಳ್ಕೊಟ್ಟ ಕಥೇನ ನನಗೇ ತಿರುಗಿಸ್ತೀಯಾ? ಐದು ವರ್ಷ ಅನ್ನ ಹಾಕಿದ್ದಕ್ಕೆ ಇದಾ?" ಎಂದು ಗೊಣಗಿದರು. ಕಣ್ಣು ಒರೆಸಿಕೊಂಡರು, ಯಾರಿಗೂ ಕಾಣಲಿಲ್ಲವೆಂದು ಅಂದುಕೊಂಡರು. ಆಮೇಲೆ ಸೀದಾ ಹೋಗಿ ಪಿಶಿಯ ಬಾಗಿಲನ್ನು ದಬದಬ ಬಡಿದರು.

"ಏ ತರು! ಕೂಸನ್ನ ಚಳೀಲಿ ಬೀದಿಗೆ ಬಿಟ್ಟು ಒಳಗೆ ಬೆಚ್ಚಗೆ ಕೂತಿದ್ದೀಯಲ್ಲ, ತಾಯಿ ಅನ್ನಿಸ್ಕೊಳ್ಳೋಕೆ ನಾಚಿಕೆ ಆಗಲ್ವಾ ನಿನಗೆ?"

ಅತ್ತೆ ಇನ್ನೊಮ್ಮೆ ಬಡಿದರು.

"ಪಾಯಸಕ್ಕೆ ಇಡ್ತೀಯೋ, ಇಲ್ಲಾ ನಾನೇ ಇಡ್ಲೋ? ನಾನು ಇಟ್ರೆ ಯಾವಾಗ್ಲೂ ತಳ ಹತ್ತುತ್ತೆ, ನೀನೇ ಊರಿಗೆಲ್ಲ ಹೇಳ್ಕೊಂಡು ಬಂದಿದ್ದೀಯ! ಮಗು ಸೀದ ಪಾಯಸ ತಿನ್ಬೇಕಾ?"

ಬಾಗಿಲು ಬೀಸಿ ತೆರೆದುಕೊಂಡಿತು. "ನಿನ್ನ ಕೈಗೆ ಹಾಲು ಕೊಡೋಕೆ ನನಗೇನು ಬುದ್ಧಿ ಕೆಟ್ಟಿದೆಯಾ ಬೌದಿ?" ಪಿಶಿಯ ಕಣ್ಣು ಕೆಂಪಗೆ ಊದಿತ್ತು. ದನಿ ಮಾತ್ರ ಮಾಮೂಲಿಗೆ ಬಂದಿತ್ತು. ಬಟ್ಟಲು ಹಿಡಿದು ನಿಂತವರೆಲ್ಲ ಹೋ ಎಂದರು, ಹೆಂಗಸರು ನಾಲಿಗೆ ಹೊರಳಿಸಿ ಮಂಗಳದ ಉಲುದನಿ ಹಾಕಿದರು, ಯಾರೋ ಶಂಖ ಊದಿದರು. ಆರತಿ ತಟ್ಟೆಯ ಒಂದು ಅಂಚನ್ನು ನಾನು ಹಿಡಿದೆ, ಇನ್ನೊಂದನ್ನು ಪಿಶಿ ಹಿಡಿದಳು. ಅವಳು ಎತ್ತಿದ ಭರಕ್ಕೆ ದೀಪ ನನ್ನ ಸೆರಗಿಗೆ ಹತ್ತದಿದ್ದದ್ದು ದೇವರ ದಯೆ.

ಕಾರ್ತಿಕನನ್ನು ಯಾರ ಮನೆಯೊಳಗೂ ಒಯ್ಯಲಿಲ್ಲ. ಎರಡು ಬಾಗಿಲ ನಡುವೆ, ಜಗಲಿಯ ಮೇಲೇ ಮಂಟಪ ಕಟ್ಟಿದೆವು. ಸಂಕಲ್ಪದ ಹೊತ್ತಿಗೆ ಭಟ್ಟಾಚಾರ್ಜಿಗಳು ಮತ್ತೆ ಗಡ್ಡಕ್ಕೆ ಕೈ ಹಾಕಿ, ತಗ್ಗಿದ ದನಿಯಲ್ಲಿ, "ತರು, ಇದರಲ್ಲಿ ಪುತ್ರನನ್ನ ಬಯಸ್ತೀನಿ ಅಂತ ಬರುತ್ತೆ. ಈ ವಯಸ್ಸಲ್ಲಿ... ಹೇಳ್ಲಾ?" ಎಂದರು.

"ಹೇಳಿ ಠಾಕೂರ್ ಮಶಾಯ್. ಜೋರಾಗಿ ಹೇಳಿ. ಆಸನ್‌ಸೋಲ್‌ಗೆ ಕೇಳ್ಬೇಕು."

ಇಡೀ ದಿನ ಪಿಶಿ ಅಡುಗೆ ಮಾಡಿದಳು. ಹೊಸ ಖರ್ಜೂರದ ಬೆಲ್ಲ ಆಗಷ್ಟೇ ಪೇಟೆಗೆ ಬಂದಿತ್ತು. ಪಾಯಸ, ಪೂರಿಯಂಥ ಲೂಚಿ, ಕುಂಬಳದ ಪಲ್ಯ, ಖಿಚಡಿ, ಐದು ಬಗೆಯ ಹುರಿದದ್ದು. ಅತ್ತೆ ಹಿಟ್ಟು ನಾದುತ್ತಾ, ಉಪ್ಪು ಜಾಸ್ತಿಯೆಂದು ಜಗಳ ತೆಗೆಯುತ್ತಾ ಇದ್ದರು. ಎಲ್ಲ ಚೆನ್ನಾಗಿಯೇ ನಡೆದಿತ್ತು. ಆದರೆ ಹೊತ್ತು ಇಳಿಯುತ್ತಾ ಬಂದ ಹಾಗೆ ಪಿಶಿಯ ಮಾತು ಕಡಿಮೆಯಾಯಿತು. ನನ್ನನ್ನು ಮೂಲೆಗೆ ಕರೆದು, "ಬೌಮಾ, ಹುಡುಗರು ಬಂದು ಕೂಗ್ತಾರಲ್ಲ... ಆಗ ನೀನು ಹೋಗು. ನೀನು ಚಿಕ್ಕೋಳು. ಆ ಕೂಗು ನಿನಗೆ ಬೇಕು. ನಾನು ಬಡಿಸ್ತೀನಿ," ಎಂದಳು.

"ಇಬ್ಬರೂ ಹೋಗೋಣ ಪಿಶಿ."

"ಬೇಡಮ್ಮಾ. ಅವರು ನನ್ನನ್ನ ಹಾಗೆ ಕರೆಯಲ್ಲ. ಹುಟ್ಟಿದಾಗಿಂದ ಪಿಶಿ ಅಂದವರು. ಬಾಯಿಗೆ ಬರಲ್ಲ ಅವಕ್ಕೆ, ನಗ್ತಾವೆ." ಇಷ್ಟು ಹೇಳಿ ಬೇಡದಿದ್ದರೂ ಪಾಯಸ ತಿರುವಲು ಹೋದಳು. ಬೆಳಗ್ಗೆ ಊರಿಗೆಲ್ಲ ಎದುರು ನಿಂತವಳು ಆ ಒಂದು ಕರೆಗೆ ಹೆದರಿದ್ದಳು. ಕರೆದರೆ ಎಂದಲ್ಲ, ಕರೆಯದಿದ್ದರೆ ಎಂದು.

ದೀಪ ಹಚ್ಚುವ ಹೊತ್ತಿಗೆ ದೊಡ್ಡ ಬೀದಿಯಲ್ಲಿ ಕಾರ್ತಿಕನ ಮೆರವಣಿಗೆಗಳ ಢಾಕು ಡೊಳ್ಳಿನ ಸದ್ದು ಶುರುವಾಯಿತು. ಬಿಲ್ಟು ತನ್ನ ದಂಡಿನೊಂದಿಗೆ ಬಂದ. ಎಲ್ಲರೂ ಇಪ್ಪತ್ತೈದರ ಆಚೀಚಿನ ಕಟ್ಟುಮಸ್ತಾದ ಗಂಡಸರು, ತಲೆಗೆ ಎಣ್ಣೆ ಹಚ್ಚಿ ಕ್ರಾಪು ತೆಗೆದಿದ್ದರು. ಜಗಲಿಯ ಕೆಳಗೆ ನಿಂತು ಎಡ ಬಾಗಿಲು ನೋಡಿದರು, ಬಲ ಬಾಗಿಲು ನೋಡಿದರು. ಒಬ್ಬರನ್ನೊಬ್ಬರು ಮೊಣಕೈಯಲ್ಲಿ ತಿವಿದುಕೊಂಡರು. ನಾನು ನಮ್ಮ ಬಾಗಿಲಲ್ಲಿ ನಿಂತಿದ್ದೆ. ಬಿಲ್ಟು ಗಂಟಲು ಸರಿಮಾಡಿಕೊಂಡು ಮೊದಲು ನನ್ನ ಕಡೆ ತಿರುಗಿ, "ಮಾ! ಹಸಿವಾಗ್ತಿದೆ!" ಎಂದ.

"ಬಂದೆ ಮಗನೇ," ಎಂದೆ. ನನ್ನ ಮೈ ಜುಮ್ಮೆಂದಿತು, ಅದನ್ನು ಹೇಳುವುದಕ್ಕೆ ನನಗೆ ಬರುವುದಿಲ್ಲ.

ಆಮೇಲೆ ಅವನು ಬಲಕ್ಕೆ ತಿರುಗಿದ. ಹಿಂದಿನವನೊಬ್ಬ ಕಿಸಕ್ಕೆಂದ. ಬಿಲ್ಟು ಅವನ ತಲೆಗೆ ಒಂದು ಬಿಟ್ಟು, ಎದೆ ತುಂಬ ಉಸಿರೆಳೆದು ಕೂಗಿದ. "ಮಾ! ಓ ಮಾ! ಹಸಿವಾಗ್ತಿದೆ ಮಾ!"

ಒಳಗೆ ಸೌಟಿನ ಸದ್ದು ನಡೆದೇ ಇತ್ತು.

ಇನ್ನೊಮ್ಮೆ ಕೂಗಿದ. ಸೌಟು ನಿಲ್ಲಲಿಲ್ಲ. ನನಗೆ ತಡೆಯಲಾಗದೆ ಓಡಿಹೋಗಿ ನೋಡಿದರೆ, ಪಿಶಿ ಒಲೆಯ ಮುಂದೆ ಕೂತು ಪಾಯಸ ತಿರುವುತ್ತಾ, ನನ್ನನ್ನು ಕಂಡು, "ಹೋಗು ಬೌಮಾ, ಆವಾಗಿಂದ ಕರೀತಿದ್ದಾರೆ ನಿನ್ನನ್ನ, ಹೋಗಬಾರ್ದಾ?" ಎಂದು ಗದರಿದಳು.

"ನನ್ನನ್ನ ಕರೆದಾಯ್ತು ಪಿಶಿ. ಈಗ ಕರೀತಿರೋದು ನಿಮ್ಮನ್ನ."

"ನನ್ನನ್ನಾ?"

ಹೊರಗಿಂದ ಈಗ ದಂಡಿಗೆ ದಂಡೇ ಒಂದೇ ದನಿಯಲ್ಲಿ ಕೂಗಿತು. "ಮಾ! ಸತ್ತೇಹೋಗ್ತೀವಿ ಮಾ! ಅನ್ನ!"

ಪಿಶಿ ಎದ್ದಳು. ಸೌಟನ್ನು ಎಲ್ಲಿಡಬೇಕೆಂದು ತಿಳಿಯದೆ ಹಿಡಿದುಕೊಂಡೇ ಬಾಗಿಲಿಗೆ ಬಂದಳು. ಪಾಯಸ ಅವಳ ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಹುಡುಗರು ಸಾಲಾಗಿ ನಿಂತು ಮುಖ ಎತ್ತಿ ನೋಡುತ್ತಿದ್ದರು, ಯಾರೂ ನಗಲಿಲ್ಲ. ಅವಳು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಆಮೇಲೆ ಅವಳ ದನಿ ಹೊರಟಿತು ನೋಡಿ, ಭಾಗೀರಥಿಯ ಆಚೆ ದಡದ ದೋಣಿಯವರೂ ತಿರುಗಿ ನೋಡಿರಬೇಕು.

"ಬಂದೆ ಕಣ್ರೋ, ನನ್ನ ಮಕ್ಕಳಾ! ಕೈ ಕಾಲು ತೊಳ್ಕೊಂಡ್ರಾ, ಇಲ್ಲಾ ಹಾಗೇ ನುಗ್ತಿದ್ದೀರಾ? ಕತ್ತೆಗಳು!"

ಮೂರು ವರ್ಷದ ಮೇಲೆ ನನಗೆ ಹೆಣ್ಣುಮಗು ಹುಟ್ಟಿತು. ಕಾರ್ತಿಕನ ಕೃಪೆ ಎಂದರು ಅತ್ತೆ. "ನಾನು ಬೇಡಿದ್ದು ಗಂಡು, ಈ ಬೌಮಾ ಪಕ್ಕದಲ್ಲಿ ಕೂತು ಅದೇನು ಗೊಣಗಿದಳೋ," ಎಂದಳು ಪಿಶಿ. ಅಷ್ಟು ಹೊತ್ತಿಗೆ ಅವಳು ಪಿಶಿಯಾಗಿ ಉಳಿದಿರಲಿಲ್ಲ. ನಮ್ಮಲ್ಲಿ ಮಕ್ಕಳಾದ ಹೆಂಗಸನ್ನು ಮಗುವಿನ ಹೆಸರು ಹಿಡಿದೇ ಕರೆಯುವುದು, ಇಂಥವನ ಅಮ್ಮ, ಇಂಥವಳ ಅಮ್ಮ ಎಂದು. ಅದು ಶುರುವಾದದ್ದು ಜಗಲಿಯ ಮೇಲೆ ಪೂಜೆಯಾದ ಆ ಸಂಕ್ರಾಂತಿಯ ಮಾರನೆಯ ಬೆಳಗ್ಗೆಯೇ. ಹಾಲಿನವನು ಕ್ಯಾನು ಇಳಿಸಿ, ಬೈಗುಳಕ್ಕೆ ತಲೆ ತಗ್ಗಿಸಿ ನಿಂತು, "ಹಾಲು ತಂದಿದ್ದೀನಿ, ಕಾರ್ತಿಕನ ಅಮ್ಮಾ," ಎಂದ.

ಅವಳು ಬೈಯುವುದನ್ನೇ ಮರೆತಳು. ಹಾಲಿಗೆ ನೀರು ಬೆರೆಸಿದ್ದು ಗೊತ್ತಿದ್ದೂ, ಅಂದು ಒಂದು ದಿನ ಸುಮ್ಮನೆ ಅಳೆಸಿಕೊಂಡಳು.